ಮಳೆಕಾಡಿನಲ್ಲಿ ಎರಡೆಕರೆ: ತಗೊಳ್ಳಬಹುದಾ?

ಮಳೆಗಾಲ ಶುರುವಾದರೆ ಸಾಕು, ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ವಿಡಿಯೋ ಓಡಾಡುತ್ತವೆ. ಒಂದು ದೂಧಸಾಗರದ್ದು. ಇನ್ನೊಂದು, ‘ಜೋಯಿಡಾ ತಾಲ್ಲೂಕು, ಹಳ್ಳಕ್ಕೆ ಹತ್ತಿದ ಎರಡೆಕರೆ, ಕಾಗದಪತ್ರ ಕ್ಲಿಯರ್, ಹೋಮ್‌ಸ್ಟೇಗೆ ಹೇಳಿ ಮಾಡಿಸಿದ ಜಾಗ’. ಹಿಂಜವಡಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಎರಡನೆಯದೇ ಹೆಚ್ಚು ಕಾಡುತ್ತದೆ. ‘ತಗೊಳ್ಳಬಹುದಾ?’ ಎಂದು ಕೇಳುವವರು ಹೆಚ್ಚುತ್ತಿರುವುದರಿಂದ ಈ ಸಲದ ಅಂಕಣ ಅದಕ್ಕೇ ಮೀಸಲು.

ಜೋಯಿಡಾವೇ ಯಾಕೆ? ಮಹಾರಾಷ್ಟ್ರದಲ್ಲಿ ರೈತನಲ್ಲದವನು ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಕರ್ನಾಟಕದಲ್ಲೂ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಅಂಥದೇ ಬೇಲಿ ಹಾಕಿದ್ದವು. 2020ರ ತಿದ್ದುಪಡಿ ಆ ಬೇಲಿ ಕಿತ್ತುಹಾಕಿತು. ಸಂಬಳದವರೂ ಹೊಲ ಕೊಳ್ಳಬಹುದು ಎಂದಾಯಿತು. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ಲೋಂಡಾದಲ್ಲಿ ಇಳಿಯಬಹುದು, ಅಲ್ಲಿಂದ ಕಾಡು ದೂರವಿಲ್ಲ. ಊರಿನ ಕಡೆಯೇ ಒಂದು ತುಂಡು ನೆಲ ಇರಲಿ ಎಂಬ ಆಸೆ ಬೇರೆ. ಎಲ್ಲ ಕೂಡಿಬಂದಂತೆ ಕಾಣುತ್ತದೆ.

ಆದರೆ ಆ ನೆಲದ ಚರಿತ್ರೆ ಗೊತ್ತಿರಲಿ. ಈ ತಾಲ್ಲೂಕಿನ ಹಳೆಯ ಹೆಸರು ಸೂಪಾ. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪೇಟೆಯೇ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ನಾಡಿಗೆಲ್ಲ ವಿದ್ಯುತ್ ಕೊಟ್ಟ ಈ ತಾಲ್ಲೂಕಿನ ಎಷ್ಟೋ ಕೇರಿಗಳು ಬಹಳ ಕಾಲ ಚಿಮಣಿ ದೀಪದಲ್ಲೇ ಇದ್ದವು. 2007ರಲ್ಲಿ ದಾಂಡೇಲಿ ಮತ್ತು ಅಣಶಿ ಕಾಡುಗಳು ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿ ತಲೆತಲಾಂತರದಿಂದ ಇರುವವರು ಕುಣಬಿಗಳು. ಮನೆಮಾತು ಕೊಂಕಣಿ, ಕೃಷಿ ಭತ್ತ ಮತ್ತು ಗಡ್ಡೆ ಗೆಣಸು.

ಈಗ ಕಾಗದಪತ್ರ. ಅಲ್ಲಿ ಜಮೀನು ಎಂದರೆ ಒಂದೇ ಬಗೆಯಲ್ಲ. ಅರಣ್ಯ ಹಕ್ಕು ಕಾಯ್ದೆ, 2006ರ ಪ್ರಕಾರ ಸಿಕ್ಕ ಹಕ್ಕುಪತ್ರದ ಭೂಮಿ ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ಅನೂರ್ಜಿತ. 2023ರ ತಿದ್ದುಪಡಿಯ ನಂತರ ಎಷ್ಟು ವರ್ಷ ಕಳೆದರೂ ಅದನ್ನು ಪ್ರಶ್ನಿಸಬಹುದು. ಇನ್ನು ‘ತೋಟದ ಜೊತೆ ಬೆಟ್ಟವೂ ನಿಮಗೇ’ ಎನ್ನುವವರಿದ್ದಾರೆ. ಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಕೊಟ್ಟ ಸವಲತ್ತು, ಅದು ಮಾಲ್ಕಿ ಅಲ್ಲ. ಅಲ್ಲಿ ಕಾಟೇಜು ಕಟ್ಟುವ ಮಾತೇ ಇಲ್ಲ.

ಪಹಣಿಯನ್ನು ಭೂಮಿ ತಾಣದಲ್ಲೂ ಋಣಭಾರ ಪತ್ರವನ್ನು ಕಾವೇರಿ ತಾಣದಲ್ಲೂ ನೀವೇ ತೆಗೆಯಿರಿ, ದಲ್ಲಾಳಿ ಕೊಟ್ಟ ಝೆರಾಕ್ಸ್ ನಂಬಬೇಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ಮುಖ್ಯವಾಗಿ ದಾರಿ ನೋಡಿ. ಜಾಗ ಮಾಲ್ಕಿಯೇ ಇರಬಹುದು, ಅಲ್ಲಿಗೆ ಹೋಗುವ ಕಾಲುದಾರಿ ಅರಣ್ಯ ಇಲಾಖೆಯದಾಗಿದ್ದರೆ ಅದನ್ನು ಜೀಪು ಹೋಗುವಷ್ಟು ಅಗಲ ಮಾಡುವುದು ನಿಮ್ಮ ಕೈಯಲ್ಲಿಲ್ಲ.

ಕಸ್ತೂರಿರಂಗನ್ ವರದಿಯ ವಿಷಯದಲ್ಲಿ ಇಬ್ಬಗೆಯ ಸುಳ್ಳು ಹರಡಿದೆ. ದಲ್ಲಾಳಿಗಳು ‘ಅದು ಸತ್ತುಹೋಯ್ತು’ ಎನ್ನುತ್ತಾರೆ, ಊರವರು ‘ನಮ್ಮನ್ನು ಎಬ್ಬಿಸುತ್ತಾರೆ’ ಎಂದು ಹೆದರುತ್ತಾರೆ. ಕೇಂದ್ರ ತನ್ನ ಆರನೇ ಕರಡನ್ನು 2024ರ ಜುಲೈ 31ರಂದು ಹೊರಡಿಸಿತು. ಪಶ್ಚಿಮಘಟ್ಟದ 56,825 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶದಲ್ಲಿ ಕರ್ನಾಟಕದ ಪಾಲೇ 20,668. ಗಣಿ, ಕಲ್ಲುಕ್ವಾರಿ, ದೊಡ್ಡ ಕಟ್ಟಡಗಳಿಗೆ ತಡೆ ಇದೆ, ಜಮೀನಿನ ಒಡೆತನ ಬದಲಾಗಲು ಅಡ್ಡಿಯಿಲ್ಲ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಹೀಗೆ ಜಗ್ಗಾಟ ನಡೆದಿರುವ ಕಡೆ ಲೆಕ್ಕ ಹಾಕಿ ಹಣ ಹೂಡುವುದು ಹೇಗೆ?

ಕಾನೂನಿಗಿಂತ ಗಟ್ಟಿ ಮಾತು ಗುಡ್ಡದ್ದು. 2014ರ ಜುಲೈ 30ರಂದು ನಮ್ಮ ಪುಣೆ ಜಿಲ್ಲೆಯ ಆಂಬೇಗಾವ್ ತಾಲ್ಲೂಕಿನ ಮಾಳೀಣ ಗ್ರಾಮ ಬೆಳ್ಳಂಬೆಳಗ್ಗೆ ಮಣ್ಣಡಿ ಹೋಯಿತು, 150ಕ್ಕೂ ಹೆಚ್ಚು ಜನ ಸತ್ತರು. ಇಳಿಜಾರನ್ನು ಯಂತ್ರದಿಂದ ಮಟ್ಟ ಮಾಡಿದ್ದೂ ಕಾರಣವೇ ಎಂಬ ಚರ್ಚೆ ಆಗ ನಡೆಯಿತು. ಸರಿಯಾಗಿ ಹತ್ತು ವರ್ಷಕ್ಕೆ, ಅದೇ ಜುಲೈ 30ಕ್ಕೆ, ವಯನಾಡಿನ ಚೂರಲ್‌ಮಲ. ಉತ್ತರ ಕನ್ನಡದಲ್ಲೇ 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರಲ್ಲಿ ಅಂಕೋಲಾ ಬಳಿಯ ಶಿರೂರು. ‘ವ್ಯೂ ಚೆನ್ನಾಗಿದೆ’ ಎಂದು ಗುಡ್ಡದ ಹೊಟ್ಟೆ ಬಗೆದು ಮನೆ ಕಟ್ಟುವ ಮುನ್ನ ಈ ಹೆಸರುಗಳು ನೆನಪಿರಲಿ.

ಅಡಿಕೆ ಹಾಕಿದರೆ ಆಯ್ತಲ್ಲ ಎನ್ನಬೇಡಿ. ಫಸಲಿಗೆ ಐದಾರು ವರ್ಷ ಕಾಯಬೇಕು. ಅಷ್ಟರಲ್ಲಿ ಕಾಡುಹಂದಿ, ಮಂಗ, ಕಾಡುಕೋಣ ತಮ್ಮ ಪಾಲು ಕೇಳುತ್ತವೆ. ಮಳೆಗಾಲದಲ್ಲಿ ಕೊಳೆ ರೋಗ, ಅದಕ್ಕೆ ಬೋರ್ಡೋ ಹೊಡೆಯಲು ಮರ ಹತ್ತುವವರು ಸಿಗಬೇಕು. ಪುಣೆಯಲ್ಲಿ ಕುಳಿತು ಫೋನಿನಲ್ಲಿ ನಡೆಸುವ ತೋಟ ಇದಲ್ಲ.

ಹಾಗಾದರೆ ಅಲ್ಲಿಯವರೇ ಯಾಕೆ ಮಾರುತ್ತಾರೆ? ಆಸ್ಪತ್ರೆಯ ಖರ್ಚು, ಮಗಳ ಮದುವೆ, ಮಕ್ಕಳ ಕಾಲೇಜು ದೂರ. ಹುಲಿ ಪ್ರದೇಶದ ಒಳಗಿನ ಕುಟುಂಬಗಳಿಗೆ ಸ್ವಇಚ್ಛೆಯಿಂದ ಊರು ಬಿಟ್ಟರೆ ಸರ್ಕಾರದ ಪ್ಯಾಕೇಜ್ ಇದೆ. ಮೊದಲು 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷವಾಯಿತು. ಕಾಳಿಯಲ್ಲೂ ಅದನ್ನು ಪಡೆದು ಹೊರಬಂದವರಿದ್ದಾರೆ. ಹುಟ್ಟಿದವರಿಗೆ ಹೊರಡಲು ದುಡ್ಡು, ಅಂಚಿನ ಊರಿಗೆ ಬರಲು ನಾವು ಕೊಡುವ ದುಡ್ಡು. ಮುಳಶಿ, ಮಾವಳ ಕಡೆ ಇದರ ಮುಂದಿನ ಅಧ್ಯಾಯವನ್ನು ನಾವು ನೋಡಿದ್ದೇವೆ. ಹೊಲ ಮಾರಿದ ರೈತ ಅದೇ ಹೊಲದ ಫಾರ್ಮ್‌ಹೌಸಿಗೆ ವಾಚ್‌ಮನ್.

ಅವರು ಹೋದರೆ ಜೊತೆಗೆ ಏನು ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1970ರ ದಶಕದಲ್ಲಿ ನಮ್ಮ ಪುಣೆಯವರೇ ಆದ ಮಾಧವ ಗಾಡ್ಗೀಳ್ ದಾಂಡೇಲಿಯ ಕಾಗದ ಕಾರ್ಖಾನೆಗೆ ಹೋಗುವ ಬಿದಿರು ಯಾಕೆ ಕಡಿಮೆಯಾಗುತ್ತಿದೆ ಎಂದು ಅಧ್ಯಯನಕ್ಕೆ ಉತ್ತರ ಕನ್ನಡಕ್ಕೆ ಹೋದರು. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಅರಣ್ಯಾಧಿಕಾರಿಗಳು ನಂಬಿದ್ದರು. ಮುಳ್ಳು ತೆಗೆದರೆ ಕಳಲೆ ದನಕರು, ಕಾಡುಪ್ರಾಣಿಗಳ ಪಾಲಾಗುತ್ತದೆ ಎಂದವರು ಊರ ಜನ. ಅಳೆದು ನೋಡಿದಾಗ ಊರವರೇ ಸರಿ.

ಆದ್ದರಿಂದ ನನ್ನ ಉತ್ತರ: ಮೊದಲು ಹೋಗಿ, ಇರಿ, ಕೊಳ್ಳುವ ಮಾತು ಆಮೇಲೆ. ಡಿಸೆಂಬರಿನಲ್ಲಲ್ಲ, ಜುಲೈಯಲ್ಲಿ ಹೋಗಿ. ಉಂಬಳ ಕಚ್ಚಿಸಿಕೊಂಡು, ಮೂರು ದಿನ ಕರೆಂಟು, ನೆಟ್‌ವರ್ಕ್ ಇಲ್ಲದೆ ಇದ್ದು ನೋಡಿ. ರಿಸಾರ್ಟಿನಲ್ಲಿ ಅಲ್ಲ, ಊರ ಕುಟುಂಬವೇ ನಡೆಸುವ ಮನೆಯಲ್ಲಿ. ಇಷ್ಟವಾದರೆ ಒಂದು ವರ್ಷಕ್ಕೆ ಮನೆ ಬಾಡಿಗೆ ಹಿಡಿಯಿರಿ. ಹೊಲ ಗೇಣಿಗೆ ಹಿಡಿಯುವುದು ಕರ್ನಾಟಕದಲ್ಲಿ ನಿಷಿದ್ಧ ಎಂಬುದನ್ನು ಮರೆಯಬೇಡಿ.

ಹೂಡಿಕೆಯೇ ಆಗಬೇಕೆಂದರೆ ದಾರಿ ಇದೆ. ಜೋಯಿಡಾದಲ್ಲಿ ಗಡ್ಡೆ ಗೆಣಸು ಮೇಳ ನಡೆಯುತ್ತದೆ, ಕುಣಬಿ ಹೆಂಗಸರು ತಾವೇ ಬೆಳೆದ ಬಗೆಬಗೆಯ ಗಡ್ಡೆಗಳನ್ನು ತಂದು ಮಾರುತ್ತಾರೆ. ನಮ್ಮ ಹೌಸಿಂಗ್ ಸೊಸೈಟಿಗಳ ಇಪ್ಪತ್ತು ಮನೆ ಸೇರಿ ಗೆಣಸು, ಜೇನು, ಕೋಕಂಗೆ ಮುಂಗಡ ಕೊಟ್ಟು ವರ್ಷವರ್ಷ ತರಿಸಿಕೊಂಡರೆ, ಜಮೀನು ಮಾರದೆ ಉಳಿಯಲು ಒಂದು ಕುಟುಂಬಕ್ಕೆ ಕಾರಣ ಸಿಗುತ್ತದೆ. ಈ ಮಳೆಗಾಲ ಮುಗಿಯುವುದರೊಳಗೆ ಆಸಕ್ತರು ಸಂಪಾದಕರಿಗೆ ಬರೆಯಿರಿ, ಒಟ್ಟಾಗಿ ಹೋಗಿ ಬರೋಣ.