ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು



ಎರಡು ತಿಂಗಳಿನಿಂದ ಈ ಪುಟದಲ್ಲಿ ಏನನ್ನೂ ಬರೆದಿಲ್ಲವೆಂದು ಕೆಲವರು ದೂರವಾಣಿಯಲ್ಲಿ ಕಾಳಜಿಯಿಂದ ವಿಚಾರಿಸಿದಿರಿ. ನನ್ನ ಆರೋಗ್ಯಕ್ಕೇನೂ ಆಗಿಲ್ಲ, ಹದಗೆಟ್ಟದ್ದು ಲ್ಯಾಪ್‌ಟಾಪಿನ ಆರೋಗ್ಯ. ಸೇವೆಯಲ್ಲಿದ್ದಾಗ 2015ರಲ್ಲಿ ಕೊಂಡ ಯಂತ್ರವದು. ಗುಂಡಿಯೊತ್ತಿ ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಅದಿನ್ನೂ ಏಳುತ್ತಲೇ ಇರುತ್ತಿತ್ತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವೂ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇನ್ನೂ ಹೊಸ ಪ್ರೊಸೆಸರೂ ಬೇಕು, ನನ್ನ ಯಂತ್ರಕ್ಕೆ ಆ ಯೋಗ್ಯತೆಯಿಲ್ಲ. ಅಂಗಡಿಯವನು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: "ಇದು ಇನ್ನು ಗುಜರಿಗೇ ಸಾರ್."

ಮುಚ್ಚಳ, ಕೀಲಿಮಣೆ, ಪರದೆ ಎಲ್ಲವೂ ನೆಟ್ಟಗಿರುವ ವಸ್ತುವನ್ನು ಎಸೆಯಲು ನನ್ನ ಕಾಲದವರಿಗೆ ಮನಸ್ಸು ಬರುವುದಿಲ್ಲ. ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಹಳೆಯ ಶಿಷ್ಯನೊಬ್ಬನಿಗೆ ಕರೆ ಮಾಡಿದೆ. "ಲಿನಕ್ಸ್ ಹಾಕಿ ಸಾರ್" ಎಂದ. "ನೀನೇ ಬಂದು ಹಾಕಿಕೊಡಪ್ಪ" ಎಂದೆ. ಅವನು ನಕ್ಕು, "ಲೆಕ್ಕವನ್ನು ಬೇರೆಯವರು ಬಿಡಿಸಿಕೊಟ್ಟರೆ ಅಂಕ ಇಲ್ಲ ಅಂತ ನೀವೇ ಹೇಳ್ತಿದ್ದಿರಿ ಸಾರ್. ನಾನು ಫೋನಿನಲ್ಲಿ ಇರುತ್ತೇನೆ, ನೀವೇ ಮಾಡಿ" ಎಂದ. ನಾನೇ ಬಿತ್ತಿದ ಬೀಜ, ಫಲವನ್ನೂ ನಾನೇ ಉಣ್ಣಬೇಕಾಯಿತು.

ಲಿನಕ್ಸ್ ಹೊಸದೇನಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಸ್ವತಂತ್ರ ತಂತ್ರಾಂಶಗಳ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು ಬರೆದು ಜಗತ್ತಿನ ಮುಂದಿಟ್ಟರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ವಿದ್ಯೆಯ ವಿಷಯದಲ್ಲಿ ನಾವು ತರಗತಿಯಲ್ಲಿ ಹೇಳುತ್ತಿದ್ದುದೂ ಇದೇ ಅಲ್ಲವೇ?

ಆರಿಸಿಕೊಂಡದ್ದು ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮೊದಲು ನನ್ನ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಅನಂತರ ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಿದೆ. ಹೀಗೆ ನೋಡಿದರೆ ಒಳಗಿನ ಡಿಸ್ಕು ಹಾಗೆಯೇ ಇರುತ್ತದೆ, ಧ್ವನಿ, ಪರದೆ, ವೈಫೈ ಕೆಲಸ ಮಾಡುತ್ತವೆಯೇ ಎಂಬುದು ಮುಂಚೆಯೇ ತಿಳಿಯುತ್ತದೆ. ವೈಫೈ ಕೆಲಸ ಮಾಡಲಿಲ್ಲ! ಆ ಬಿಡಿಭಾಗದ ಚಾಲಕ ತಂತ್ರಾಂಶವನ್ನು ಬೇರೆಯಾಗಿ ತರಿಸಬೇಕಿತ್ತು. ಅಂತರ್ಜಾಲವಿಲ್ಲದೆ ತರಿಸುವುದು ಹೇಗೆ? ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಅದರ ಸಂಪರ್ಕವನ್ನು ಬಳಸಲು ಶಿಷ್ಯ ಹೇಳಿಕೊಟ್ಟ. ಲಿನಕ್ಸನ್ನು ಡಿಸ್ಕಿಗೆ ಸ್ಥಾಪಿಸಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಚಾಲಕವನ್ನು ಹಾಕಿದೆ. ಯಂತ್ರವನ್ನು ಮತ್ತೆ ಆರಂಭಿಸಿದಾಗ ವೈಫೈ ಬಂದಿತು.

ಹೆಚ್ಚಿನ ವೇಗ ಬಂದದ್ದು ಲಿನಕ್ಸಿನಿಂದಲ್ಲ, ಹಳೆಯ ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದರಿಂದ. ರ‍್ಯಾಮನ್ನೂ 4 ಜಿಬಿಯಿಂದ 8ಕ್ಕೆ ಏರಿಸಿದೆ. ಬ್ಯಾಟರಿ ಬೇಗ ಇಳಿಯುತ್ತಿದ್ದುದಕ್ಕೆ ಟಿಎಲ್‌ಪಿ ಎಂಬ ಉಪಕರಣ ಕೊಂಚ ನೆರವಾಯಿತು.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮುಚ್ಚಳ ಮುಚ್ಚಿ ತೆರೆದರೆ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಒಂದು ರಾತ್ರಿ ಅಂತರ್ಜಾಲದಲ್ಲಿ ಸಿಕ್ಕ ಆಜ್ಞೆಗಳನ್ನು ಅರ್ಥ ಮಾಡಿಕೊಳ್ಳದೆ ನಕಲಿಸಿ ಟರ್ಮಿನಲ್ಲಿನಲ್ಲಿ ಒತ್ತಿದೆ. ಇದ್ದ ವೈಫೈಯೂ ಹೋಯಿತು. ಪರೀಕ್ಷೆಯಲ್ಲಿ ನಕಲು ಹೊಡೆದವರಿಗೆ ನಾನು ಹೇಳುತ್ತಿದ್ದ ಬುದ್ಧಿಮಾತೆಲ್ಲ ಅಂದು ನನ್ನ ಕಿವಿಗೇ ಕೇಳಿಸಿತು. ಪುಣ್ಯಕ್ಕೆ ಟೈಮ್‌ಶಿಫ್ಟ್ ಎಂಬ ಸೌಲಭ್ಯದಲ್ಲಿ ಹಿಂದಿನ ದಿನದ ಸ್ಥಿತಿಯನ್ನು ಉಳಿಸಿಟ್ಟಿದ್ದೆ, ಹತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು. ಪರದೆಯ ತೊಂದರೆಯನ್ನು ಮುಂದೆ ಹೊಸ ಕರ್ನೆಲ್ ನಿವಾರಿಸಿತು.

ಇಷ್ಟಾದ ಮೇಲೆ ಎದುರಾದದ್ದು ನಿಜವಾದ ಪರೀಕ್ಷೆ.

ನಮ್ಮ ದೊಡ್ಡಕ್ಕ 2011ರಲ್ಲಿ ತೀರಿಕೊಂಡಳು. ಅವಳ ಬಾಯಲ್ಲಿದ್ದ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ 2006ರ ಬೇಸಿಗೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಬೆರಳಚ್ಚು ಮಾಡಿದ್ದೆ. 64 ಪದಗಳು. ಲಿಬ್ರೆ ಆಫೀಸಿನಲ್ಲಿ ಆ ಕಡತವನ್ನು ತೆರೆದಾಗ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು. ಎದೆ ಧಸಕ್ಕೆಂದಿತು.

ತಪ್ಪು ಲಿನಕ್ಸಿನದಲ್ಲ. ಆ ಕಾಲದಲ್ಲಿ ನಾವು ಬಳಸುತ್ತಿದ್ದ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಚಿತ್ರಿಸುತ್ತಿದ್ದವು. ಕಡತದೊಳಗೆ ಇದ್ದದ್ದು ಕನ್ನಡವಲ್ಲ, ಕನ್ನಡದ ವೇಷ. ಅದೇ ಅಕ್ಷರಶೈಲಿಯನ್ನು ತಂದು ಹಾಕಿದರೆ ಕಣ್ಣಿಗೇನೋ ಕಂಡೀತು, ಆದರೆ ಒಂದು ಪದವನ್ನು ಹುಡುಕಲಾಗದು, ಇನ್ನೊಬ್ಬರಿಗೆ ಕಳುಹಿಸಿದರೆ ಓದಲಾಗದು. ಯೂನಿಕೋಡಿನಲ್ಲಾದರೋ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಉಚಿತ ಪರಿವರ್ತಕವೊಂದರಿಂದ ಕಡತವನ್ನು ಬದಲಿಸಿ, ಮೂರು ವಾರ ಕುಳಿತು ತಿದ್ದಿದೆ. ಹೆಚ್ಚು ಕಾಡಿದ್ದು ಅರ್ಕಾವತ್ತು. 'ಧರ್ಮ' ಎಂದು ಬರೆಯುವಾಗ ಅದರ ಚಿಹ್ನೆ ಮಕಾರದ ನಂತರ ಬರುತ್ತದೆ, ಉಚ್ಚಾರದಲ್ಲಿ ರಕಾರವೇ ಮುಂದು. ಹಳೆಯ ಕಡತ ಕಣ್ಣಿನ ಕ್ರಮವನ್ನೂ ಯೂನಿಕೋಡ್ ಉಚ್ಚಾರದ ಕ್ರಮವನ್ನೂ ಅನುಸರಿಸುತ್ತವೆ. ತಿದ್ದುತ್ತ ಗಟ್ಟಿಯಾಗಿ ಓದಬೇಕಾಯಿತು, ಓದುವಾಗ ಅಕ್ಕನ ದನಿ ಕೇಳಿದಂತಾಗುತ್ತಿತ್ತು.

ಹೊಸ ಟೈಪಿಂಗಿಗೆ ತೊಂದರೆಯಾಗಲಿಲ್ಲ. ಐಬಸ್ ಎಂಬ ವ್ಯವಸ್ಥೆಯಲ್ಲಿ ನುಡಿಯ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಅದು ಮೂಲತಃ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವಾದ್ದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ.

ಹಾಗೆಂದು ಎಲ್ಲರೂ ನಾಳೆಯೇ ಲಿನಕ್ಸಿಗೆ ಬನ್ನಿರೆಂದು ನಾನು ಹೇಳಲಾರೆ. ಅಂಗಡಿಯ ಲೆಕ್ಕದ ತಂತ್ರಾಂಶವೋ ಡಿಜಿಟಲ್ ಸಹಿಯ ಸಾಧನವೋ ವಿಂಡೋಸನ್ನೇ ಬೇಡುವುದಾದರೆ ಅಲ್ಲಿಯೇ ಇರುವುದು ಲೇಸು. ಮುದ್ರಕವನ್ನೂ ಮೊದಲು ಪರೀಕ್ಷಿಸಿ ನೋಡಬೇಕು. ಉಚಿತವೆಂದರೆ ಶ್ರಮವಿಲ್ಲವೆಂದಲ್ಲ, ನನಗೆ ಹಣಕ್ಕಿಂತ ಹೆಚ್ಚು ಖರ್ಚಾದದ್ದು ಸಮಯ. ಕೇಳಿದಾಗ ಹೇಳಿಕೊಡುವವನೊಬ್ಬ ಇರದಿದ್ದರೆ ನಾನೂ ಕೈಬಿಡುತ್ತಿದ್ದೆ.

ಆದರೆ ಪತ್ರ ಬರೆಯುವುದು, ಓದುವುದು, ಮೊಮ್ಮಕ್ಕಳ ಮುಖ ನೋಡುವುದು ಇಷ್ಟೇ ಬೇಕಾದ ನನ್ನಂಥವರಿಗೆ ಇದು ಧಾರಾಳವಾಗಿ ಸಾಕು. ನಮ್ಮ ಶಾಲೆಗಳಿಗೂ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಸ್ವತಂತ್ರ ತಂತ್ರಾಂಶವನ್ನು ಶಾಲೆಗಳಿಗೆ ಒಯ್ದಿತು, ಅದರೊಡನೆ ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟಿತು. ಯಂತ್ರವನ್ನು ಕೊಟ್ಟು ಕಲಿಸುವವರನ್ನು ಕೊಡದಿದ್ದರೆ ಏನಾಗುತ್ತದೆಂಬುದನ್ನು, ಬೀಗ ಹಾಕಿದ ಗಣಕ ಕೊಠಡಿಯ ಹೊರಗೆ ನಿಂತು ನಾನು ವರ್ಷಗಟ್ಟಲೆ ನೋಡಿದ್ದೇನೆ.

ಕೊನೆಯದಾಗಿ ಎರಡು ವಿನಂತಿಗಳು. ಹಳೆಯ ಲ್ಯಾಪ್‌ಟಾಪನ್ನು ಎಸೆಯುವ ಮೊದಲು ಒಂದು ಪೆನ್ ಡ್ರೈವಿನ ಅವಕಾಶ ಕೊಡಿ. ಅದಕ್ಕೂ ಮುಖ್ಯವಾಗಿ, ನಿಮ್ಮ ಹಳೆಯ ಡಿಸ್ಕುಗಳಲ್ಲಿ, ಸಿಡಿಗಳಲ್ಲಿ ಕನ್ನಡದ ಬರಹಗಳಿದ್ದರೆ ಇಂದೇ ತೆರೆದು ನೋಡಿ. ಓದಲು ಬಾರದಿದ್ದರೆ ನನಗೆ ಕಳುಹಿಸಿ, ಕುಳಿತು ತಿದ್ದಿಕೊಡುತ್ತೇನೆ. ಅಕ್ಕನ 64 ಪದಗಳೂ ಸಿದ್ಧವಾಗಿವೆ, ಬೇಕಾದ ಬಂಧುಗಳು ಒಂದು ಸಾಲು ಬರೆದು ತಿಳಿಸಿರಿ.