ತೊಂಬತ್ತು ದಿನದ ಉದ್ರಿಗೆ ಸಹಿ ಹಾಕಬೇಡಿರಿ

ಸೋಲಾಪುರದಲ್ಲಿ ನಾಲ್ಕಾರು ಮಗ್ಗ ಇಟ್ಟುಕೊಂಡವನು ಟವೆಲ್ಲಿನ ಆರ್ಡರು ಹಿಡಿಯುವಾಗ ದರಕ್ಕಾಗಿ ತಾಸುಗಟ್ಟಲೆ ಚೌಕಾಸಿ ಮಾಡುತ್ತಾನೆ. ಹಣ ಯಾವಾಗ ಕೈಸೇರುವುದೆಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಸೇಠರು ಬೇಸರಪಟ್ಟಾರೆಂಬ ಅಂಜಿಕೆ! ಈ ಅಂಜಿಕೆಯ ಬೆಲೆ ತೆರುವವರು ವಾರದ ಪಗಾರಿಲ್ಲದೆ ಮನೆಗೆ ಹೋಗುವ ನೇಕಾರರು. ಅದೇ ನಮ್ಮ ತಕರಾರು.

ಅತಿಸಣ್ಣ, ಸಣ್ಣ ಉದ್ದಿಮೆಗಳಿಗಾಗಿ ೨೦೦೬ರಲ್ಲಿ ಆದ ಕಾಯಿದೆ ಏನನ್ನುತ್ತದೆ? ಕರಾರಿನಲ್ಲಿ ಏನೇ ಬರೆದಿರಲಿ, ಮಾಲು ಒಪ್ಪಿಕೊಂಡ ೪೫ ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಜರ್ವ್ ಬ್ಯಾಂಕು ಸಾರಿದ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ‘ಉದ್ಯಮ್’ ನೋಂದಣಿಗೆ ಕಾಸು ಬೇಕಿಲ್ಲ. ಆರ್ಡರಿಗೆ ಮುಂಚೆಯೇ ಮಾಡಿಸಿಕೊಳ್ಳಿರಿ. ಇಷ್ಟಿದ್ದೂ ೯೦ ದಿನಕ್ಕೆ ಒಪ್ಪುವುದೇಕೆ?

ಆರ್ಡರು ಬೇರೆಯವನ ಪಾಲಾದೀತು ಎನ್ನುವಿರಿ. ನಿಜ, ಒಬ್ಬನೇ ಹೋಗಿ ಕೇಳಿದರೆ ಖಂಡಿತ ಆದೀತು. ಆದುದರಿಂದಲೇ ಓಣಿಯ ಮಗ್ಗದವರೆಲ್ಲ ಒಂದೇ ಮಾತು ಆಡಬೇಕೆನ್ನುತ್ತೇವೆ. ನೂಲಿಗೆ ಮುಂಗಡ, ಮಾಲು ಮುಟ್ಟಿದ್ದಕ್ಕೆ ತಾರೀಖು ಹಾಕಿದ ರಸೀದಿ, ಉಳಿದದ್ದಕ್ಕೆ ೪೫ ದಿನದ ವಾಯಿದೆ: ಇವನ್ನು ಬರೆಸಿದ ಮೇಲೆ ದರದ ಮಾತು. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ತಿಳಿದವರಿಂದ ಓದಿಸಿ ಕೇಳಿಯೇ ಸಹಿ ಮಾಡಿರಿ.