ಪ್ರಾರ್ಥನೆಯ ಹೊತ್ತಿನ ಮೌನ

ಭದ್ರಾವತಿಯ ಜನ್ನಾಪುರದಲ್ಲಿ ಪ್ರಾತಃಕಾಲದ ಗಂಟೆ ಬಾರಿಸಿದೊಡನೆ ಶಾಲೆಯ ಮಕ್ಕಳು ಸಾಲುಗಟ್ಟಿ ನಿಲ್ಲುವುದನ್ನು ಬೇಲಿಯ ಹೊರಗಿನಿಂದ ನಾನು ಎಷ್ಟೋ ಬಾರಿ ಕಂಡಿದ್ದೇನೆ. ಮುಂದಿನ ಸಾಲಿನ ಪುಟ್ಟ ಬಾಲಕಿ ಕಣ್ಮುಚ್ಚಿ ಕೈಮುಗಿದು ತುಟಿಯನ್ನಷ್ಟೇ ಅಲುಗಿಸುತ್ತಿರುವಾಗ, ಹಿಂದಿನ ಸಾಲಿನ ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು ನಗುವುದನ್ನೂ ಕಂಡಿದ್ದೇನೆ. ಅದನ್ನು ಅವಿಧೇಯತೆಯೆಂದು ಗದರಿಸುವ ಮುನ್ನ, ಅವರ ಬೆನ್ನ ಹಿಂದೆ ನಿಂತ ಹಿರಿಯರು ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದರೋ, ಪಿಸುಮಾತಿನಲ್ಲಿ ತೊಡಗಿದ್ದರೋ ಎಂಬುದನ್ನು ವಿಚಾರಿಸುವುದು ಯುಕ್ತವಾದುದು.

ಆ ಸಾಲಿನಲ್ಲಿ ನಿಂತು ಹಾಡುವ ರಾಷ್ಟ್ರಗೀತೆಗೆ 52 ಸೆಕೆಂಡುಗಳು. ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ರಚಿಸಿದ, 2004ರಲ್ಲಿ ನಾಡಗೀತೆಯಾದ ಗೀತೆಗೆ 2022ರ ಸರ್ಕಾರಿ ಆದೇಶದಂತೆ ಎರಡೂವರೆ ನಿಮಿಷ. ಇಷ್ಟು ಅಲ್ಪಕಾಲದ ಏಕಾಗ್ರತೆಯನ್ನು ಮಕ್ಕಳು ಸಂತೋಷದಿಂದಲೇ ಸಲ್ಲಿಸಬಲ್ಲರು. ಆದರೆ ಅದರ ಬೆನ್ನಿಗೇ ಸುಡುಬಿಸಿಲಿನಲ್ಲಿ ಉಪದೇಶವೂ, ತಡವಾಗಿ ಬಂದವರ ಬಹಿರಂಗ ಅವಮಾನವೂ ಅರ್ಧ ಗಂಟೆ ಸಾಗಿದರೆ, ಗೀತೆಯ ಮೇಲಣ ಭಕ್ತಿಯೂ ಆ ಬೇಸರದಲ್ಲಿ ಕರಗಿಹೋಗುತ್ತದೆ.

ಗೌರವವೆಂದರೆ ಬಲವಂತದ ಧ್ವನಿಯಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ 1986ರಲ್ಲಿ ಸ್ಪಷ್ಟಪಡಿಸಿತು: ಧಾರ್ಮಿಕ ಶ್ರದ್ಧೆಯ ಕಾರಣದಿಂದ ರಾಷ್ಟ್ರಗೀತೆಯನ್ನು ಹಾಡದೆ, ಆದರೆ ವಿನಯದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ಸಲ್ಲದೆಂದು ಅದು ತೀರ್ಪಿತ್ತಿತು. ನೆಟ್ಟಗೆ ನಿಲ್ಲುವ, ಮತ್ತೊಬ್ಬರ ಹಾಡಿಗೆ ಭಂಗ ತಾರದ ಆ ವಿನಯವನ್ನೇ ನಾವು ಕಲಿಸಬೇಕಾದುದು. ಅದನ್ನು ಕಲಿಸುವವರು ಮೊದಲು ತಾವೇ ಸಾಲಿನಲ್ಲಿ ನಿಲ್ಲಬೇಕು.

ಇನ್ನೊಂದು ಉಪಾಯವನ್ನೂ ಸೂಚಿಸುತ್ತೇನೆ. ನಮ್ಮ ಶಾಲೆಗಳಲ್ಲಿ ಈಗ ಸಂವಿಧಾನದ ಪೀಠಿಕೆಯನ್ನು ಓದಿಸುತ್ತಾರೆ; ಮೊಣಕೈಯಿಂದ ತಿವಿಯುವ ಆ ಹುಡುಗನನ್ನೇ ನಾಳೆ ಮುಂದೆ ಕರೆದು, ಮೈಕನ್ನು ಅವನ ಎತ್ತರಕ್ಕೆ ಇಳಿಸಿ, ಓದಲು ಹೇಳಿರಿ.